ಹಾಡುಪೆಟ್ಟಿಗೆ ಮೂಕವಾದಾಗ: ಮೊದಲು ಹಾಡು, ಆಮೇಲೆ ದುರಸ್ತಿ, ಬಳಿಕ ದೂರು

ನಂಜನಗೂಡು: ಅಂಗೈಯಗಲದ ಸಂಗೀತ ಯಂತ್ರವೊಂದು ಏಕಾಏಕಿ ಮೂಕವಾದರೆ ಅದನ್ನು ನಾಲ್ಕು ಬಾರಿ ತಟ್ಟಿ, ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿ, ಕಡೆಗೆ ಬೀರುವಿನ ಮೂಲೆಗೆ ಸೇರಿಸುವುದು ನಮ್ಮಲ್ಲಿ ರೂಢಿ. ಸಾವಿರ ರೂಪಾಯಿಯ ವಸ್ತುವಿಗಾಗಿ ಮೈಸೂರಿಗೆ ಬಸ್ ಹತ್ತುವವರು ಯಾರು ಎಂಬ ಲೆಕ್ಕಾಚಾರವೂ ಅದರ ಹಿಂದಿರುತ್ತದೆ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಮಟ್ಟಿಗಂತೂ ಈ ಲೆಕ್ಕಾಚಾರ ತಪ್ಪುವುದೇ ಹೆಚ್ಚು. ಯಂತ್ರದೊಳಗಿನ ಹಾಡು ಯಂತ್ರಕ್ಕಿಂತ ಬೆಲೆಯುಳ್ಳದ್ದಾಗಿರಬಹುದು. ವಸ್ತುವೇ ದೋಷಪೂರಿತವಾಗಿದ್ದರೆ, ಪರಿಹಾರ ಕೇಳಲು ಕಂಪನಿಯ ಊರಿಗೆ ಅಲೆಯಬೇಕಾದ ಕಾಲವೂ 2020ರ ಜುಲೈಗೆ ಮುಗಿದಿದೆ.

ಹಾಡಿನ ವಿಷಯದಲ್ಲಿ ಈ ಸೀಮೆ ಬಡವಲ್ಲ. ಕಾವೇರಿ, ಕಪಿಲೆಯರು ಕೂಡುವ ನರಸೀಪುರವು ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರ ಊರು. ಧ್ವನಿವರ್ಧಕಗಳ ಅನುಕೂಲ ಅಷ್ಟಾಗಿ ಇಲ್ಲದ ಕಾಲದಲ್ಲಿ, ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಕೂಡಿಸಿದವರು ಅವರು. ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯಿಡೀ ಹಾಡುವ ನೀಲಗಾರರು, ಮಾದಪ್ಪನ ಮಹಿಮೆ ಹಾಡುವ ಕಂಸಾಳೆಯವರು ಈ ಭಾಗದ ಹಳ್ಳಿಗಳಿಗೆ ಹೊಸಬರಲ್ಲ. ಮೊದಲು ಕ್ಯಾಸೆಟ್ಟಿನಲ್ಲಿ, ನಂತರ ಸಿ.ಡಿ.ಯಲ್ಲಿ, ಅದಾದ ಮೇಲೆ ಉಗುರಗಲದ ಮೆಮೊರಿ ಕಾರ್ಡಿನಲ್ಲಿ ಈ ಹಾಡುಗಳು ಮನೆ ಸೇರಿವೆ. ಚಿತ್ರಗೀತೆ ಕಳೆದುಹೋದರೆ ಮತ್ತೆಲ್ಲಿಯಾದರೂ ಸಿಕ್ಕೀತು. ಆದರೆ ಮನೆಯ ಜಗಲಿಯಲ್ಲಿ ಮೊಬೈಲ್ ಹಿಡಿದು ಧ್ವನಿಮುದ್ರಿಸಿಕೊಂಡ ನೀಲಗಾರರ ಪದಕ್ಕೆ, ಈಗಿಲ್ಲದ ಅಜ್ಜಿಯ ಸೋಬಾನೆಗೆ ಎರಡನೆಯ ಪ್ರತಿ ಎಲ್ಲಿಂದ ಬರಬೇಕು?

ಆದ್ದರಿಂದ ಯಂತ್ರ ನಿಂತಾಗ ಮೊದಲು ಮಾಡಬೇಕಾದದ್ದು ಹಾಡನ್ನು ಹೊರತೆಗೆಯುವ ಕೆಲಸ. ಕಾರ್ಡ್ ಹಾಕುವ ಪೆಟ್ಟಿಗೆಯಾದರೆ ಕಾರ್ಡನ್ನು ತೆಗೆದು ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ತೆರೆದರೆ ರೋಗ ಪೆಟ್ಟಿಗೆಯದು ಎಂದಾಯಿತು. ಎಲ್ಲವನ್ನೂ ಆಗಲೇ ನಕಲು ಮಾಡಿಕೊಳ್ಳಿ. ತೆರೆಯದೆ, ಕಾರ್ಡನ್ನು ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರ್ ಕೇಳಿದರೆ ಬೇಡವೆನ್ನಿ. ಇಂಥ ಸಂದರ್ಭದಲ್ಲಿ ಅನೇಕ ಬಾರಿ ಕೆಟ್ಟಿರುವುದು ಯಾವ ಹಾಡು ಎಲ್ಲಿದೆ ಎಂದು ಬರೆದಿಟ್ಟ ಸೂಚಿ ಮಾತ್ರ. ಪುಸ್ತಕದ ಪರಿವಿಡಿ ಹರಿದುಹೋದಂತೆ. ಪುಟಗಳು ಒಳಗೇ ಇರುತ್ತವೆ, ದತ್ತಾಂಶ ಮರಳಿಸುವ ತಂತ್ರಾಂಶಗಳು ಅವನ್ನು ಹೆಕ್ಕಿ ತೆಗೆಯಬಲ್ಲವು. ಆದರೆ ಅದೇ ಕಾರ್ಡಿನ ಮೇಲೆ ಹೊಸ ಹಾಡು ತುಂಬಿದಿರೋ, ಹಳೆಯದರ ಮೇಲೆ ಹೊಸದು ಬರೆದುಹೋಗುತ್ತದೆ.

ಅಗ್ಗದ ಕಾರ್ಡುಗಳಲ್ಲಿ ಇನ್ನೊಂದು ಮೋಸವಿದೆ. ಹೊರಗೆ 64 ಜಿ.ಬಿ. ಎಂದು ಅಚ್ಚಾಗಿರುತ್ತದೆ, ಕಂಪ್ಯೂಟರಿಗೂ ಅದು ಹಾಗೆಯೇ ಸುಳ್ಳು ಹೇಳುತ್ತದೆ. ಒಳಗಿರುವ ಜಾಗ ಅದರ ಕಾಲುಭಾಗವೂ ಇರಲಾರದು. ನಿಜವಾದ ಜಾಗ ತುಂಬಿದ ಮೇಲೆ ಹಾಕಿದ ಹಾಡುಗಳು ಹೆಸರಿಗಷ್ಟೇ ಕಾಣಿಸಿಕೊಂಡು ನುಡಿಯದೇ ಉಳಿಯುತ್ತವೆ, ಇಲ್ಲವೇ ಹಳೆಯ ಹಾಡುಗಳನ್ನು ನುಂಗಿಹಾಕುತ್ತವೆ. ಪೆಟ್ಟಿಗೆ ಕೆಟ್ಟಿತೆಂದು ದೂರುವವರಲ್ಲಿ ಕೆಲವರ ಪೆಟ್ಟಿಗೆ ನಿರಪರಾಧಿ.

ಹಾಡು ಭದ್ರವಾದ ಮೇಲೆ ಯಂತ್ರದ ಸರದಿ. ಆನ್ ಆಗದ ಯಂತ್ರದಲ್ಲಿ ಮೊದಲು ಶಂಕಿಸಬೇಕಾದದ್ದು ಚಾರ್ಜಿಂಗ್ ಕೇಬಲನ್ನು. ಇತ್ತೀಚಿನ ಅಗ್ಗದ ಪೆಟ್ಟಿಗೆಗಳಲ್ಲಿ ಟೈಪ್-ಸಿ ಕಿಂಡಿ ಇರುತ್ತದೆ, ಆದರೆ ವಿದ್ಯುತ್ ಬೇಕೆಂದು ಚಾರ್ಜರ್‌ಗೆ ತಿಳಿಸುವ ಎರಡು ಪುಟ್ಟ ರೆಸಿಸ್ಟರುಗಳನ್ನು ತಯಾರಕರು ಉಳಿತಾಯಕ್ಕಾಗಿ ಬಿಟ್ಟಿರುತ್ತಾರೆ. ಎರಡೂ ತುದಿ ಟೈಪ್-ಸಿ ಇರುವ ಕೇಬಲಿನಲ್ಲಿ ಇಂಥ ಪೆಟ್ಟಿಗೆ ಎಷ್ಟು ಹೊತ್ತಾದರೂ ಚಾರ್ಜ್ ಆಗದು. ಚಾರ್ಜರ್ ಕಡೆಗೆ ಹಳೆಯ ಅಗಲ ಯುಎಸ್‌ಬಿ ತುದಿಯಿರುವ ಕೇಬಲ್ ಹಾಕಿದರೆ ಸತ್ತದ್ದು ಎದ್ದು ಕೂರುತ್ತದೆ. ಕೇಬಲಿನ ಬೆಲೆಯಲ್ಲಿ ಮುಗಿಯುವ ಈ ಕೆಲಸಕ್ಕೆ ಎಷ್ಟು ಜನ ಹೊಸ ಯಂತ್ರವನ್ನೇ ಕೊಂಡಿದ್ದಾರೋ!

ನಂತರದ ಶಂಕಿತ ಬ್ಯಾಟರಿ. ಲಿಥಿಯಂ ಅಯಾನ್ ಕೋಶ ಪೂರ್ಣ ತುಂಬಿದಾಗ ಸಾಮಾನ್ಯವಾಗಿ 4.2 ವೋಲ್ಟ್ ಇರುತ್ತದೆ. ತಿಂಗಳುಗಟ್ಟಲೆ ಬೀರುವಿನಲ್ಲಿ ಬಿದ್ದಿದ್ದರೆ ತೀರ ಕೆಳಗಿಳಿದು, ಒಳಗಿನ ರಕ್ಷಣಾ ಮಂಡಲವೇ ಸಂಪರ್ಕ ಕಡಿದುಬಿಡುತ್ತದೆ. ಆಗ ಸಾಧಾರಣ ಚಾರ್ಜರ್‌ಗೆ ಅರ್ಧ ಗಂಟೆ ಜೋಡಿಸಿ, ಕಣ್ಣೆದುರೇ ಇಟ್ಟುಕೊಂಡು ಕಾಯಬಹುದು. ಬಿಸಿಯೇರಿದರೆ ತಕ್ಷಣ ತೆಗೆಯಬೇಕು. ಯಂತ್ರದ ಹೊಟ್ಟೆ ಉಬ್ಬಿದ್ದರೆ, ಮುಚ್ಚಳ ಬಾಯಿಬಿಟ್ಟಿದ್ದರೆ ಚಾರ್ಜ್ ಮಾಡುವ ಮಾತೇ ಇಲ್ಲ. ಅದನ್ನು ಚುಚ್ಚುವುದು, ಒತ್ತಿ ಸರಿಪಡಿಸಲು ಹೋಗುವುದು ಬೆಂಕಿಯೊಂದಿಗೆ ಸರಸ. ಅಗ್ಗದ ಮಾಲಿಗೆ ಮಾತ್ರ ಅಂಟಿದ ರೋಗವೂ ಇದಲ್ಲ. 2005ರ ಸೆಪ್ಟೆಂಬರ್‌ನಿಂದ 2006ರ ಡಿಸೆಂಬರ್‌ವರೆಗೆ ಮಾರಾಟವಾದ ಮೊದಲ ತಲೆಮಾರಿನ ಐಪಾಡ್ ನ್ಯಾನೋಗಳ ಬ್ಯಾಟರಿ ಅತಿಯಾಗಿ ಬಿಸಿಯಾಗಬಹುದೆಂದು 2011ರಲ್ಲಿ ಆಪಲ್ ಕಂಪನಿಯೇ ಒಪ್ಪಿ, ಉಚಿತವಾಗಿ ಬದಲಿಸಿಕೊಡಲು ಮುಂದಾಯಿತು. ಐಪಾಡ್ ತಯಾರಿಕೆಗೇ ಆ ಕಂಪನಿ 2022ರ ಮೇ ತಿಂಗಳಲ್ಲಿ ಮಂಗಳ ಹಾಡಿತು.

ಯಂತ್ರ ಚಾಲೂ ಇದ್ದು ಒಂದು ಕಿವಿಗೆ ಮಾತ್ರ ಕೇಳಿಸಿದರೆ ಬೇರೊಂದು ಇಯರ್‌ಫೋನ್ ಹಾಕಿ ನೋಡಿ. ತಂತಿ ಕಡಿದಿರುವ ಸಂಭವವೇ ಹೆಚ್ಚು. ಕಿಂಡಿಯಲ್ಲಿ ಜೇಬಿನ ನೂಲು, ಧೂಳು ಸೇರಿಕೊಂಡಿದ್ದರೆ ಯಂತ್ರ ಆರಿಸಿ ಮರದ ಕಡ್ಡಿಯಿಂದ ಮೆಲ್ಲಗೆ ತೆಗೆಯಬಹುದು. ಸೂಜಿ ಬೇಡ.

ಇನ್ನು ನೀರು. ಸಂಗಮದಲ್ಲೋ ಸ್ನಾನಘಟ್ಟದಲ್ಲೋ ಜೇಬಿನಲ್ಲಿದ್ದದ್ದು ಮರೆತು ಮುಳುಗುವವರಿದ್ದಾರೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಪಿಲೆಯೇ ನಂಜನಗೂಡಿನ ತಗ್ಗು ಬಡಾವಣೆಗಳ ಮನೆಗಳಿಗೆ ನುಗ್ಗಿತ್ತು. ನೆನೆದ ಯಂತ್ರ ನಡೆಯುತ್ತದೆಯೋ ಎಂದು ಆನ್ ಮಾಡಿ ನೋಡುವುದೇ ಅದಕ್ಕೆ ಕೊಡುವ ಕೊನೆಯ ಪೆಟ್ಟು; ತೇವದಲ್ಲಿ ವಿದ್ಯುತ್ ಹರಿದರೆ ತಾಮ್ರದ ಗೆರೆಗಳು ಕಿಲುಬುತ್ತವೆ. ಕಾರ್ಡ್ ಮತ್ತು ಸಾಧ್ಯವಾದರೆ ಬ್ಯಾಟರಿ ತೆಗೆದು, ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ದಿನ ಒಣಗಲು ಬಿಡಿ. ಅಕ್ಕಿ ಡಬ್ಬದಲ್ಲಿ ಹೂತಿಡುವ ಮನೆಮದ್ದಿನಿಂದ ಪ್ರಯೋಜನವಿಲ್ಲ, ಅದರ ಕಣಗಳು ಕಿಂಡಿ ಸೇರಬಹುದೆಂದು ಆಪಲ್ ಕಂಪನಿಯೂ ತನ್ನ ಫೋನುಗಳ ಬಗ್ಗೆ 2024ರಲ್ಲಿ ಎಚ್ಚರಿಸಿದೆ. ಭತ್ತದ ಸೀಮೆಯವರಿಗೆ ಅಕ್ಕಿಯ ಬೇರೆ ಉಪಯೋಗಗಳನ್ನು ಹೇಳಿಕೊಡಬೇಕಾಗಿಲ್ಲ.

ಕೊಂಡು ಕೆಲವೇ ದಿನಗಳಲ್ಲಿ, ನಮ್ಮದೇನೂ ತಪ್ಪಿಲ್ಲದೆ ಯಂತ್ರ ಕೆಟ್ಟರೆ ಸಂಗತಿಯೇ ಬೇರೆ. 'ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ' ಎಂಬ ಫಲಕವನ್ನು ಅಂಗಡಿಗಳಲ್ಲಿ ಕಂಡು ಸುಮ್ಮನೆ ಹಿಂದಿರುಗುವವರೇ ಬಹಳ. ಆ ಫಲಕ ಕಾನೂನಿಗಿಂತ ದೊಡ್ಡದಲ್ಲ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಾಗಿಲ್ಲದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ಒಪ್ಪದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಯೆಂದು ಕರೆದಿದೆ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಜಾತ್ರೆಯಲ್ಲಿ ಬಿಲ್ಲಿಲ್ಲದೆ ಕೊಂಡಿದ್ದರೆ ಯುಪಿಐ ಪಾವತಿಯ ದಾಖಲೆಯನ್ನಾದರೂ ಅಳಿಸದೆ ಇಟ್ಟುಕೊಳ್ಳಿ.

ಹಳೆಯ 1986ರ ಕಾಯ್ದೆಯಡಿ ದೂರು ಸಲ್ಲಿಸಲು ಎದುರುದಾರನ ಊರನ್ನೋ ವ್ಯಾಜ್ಯ ಹುಟ್ಟಿದ ಜಾಗವನ್ನೋ ಹುಡುಕಬೇಕಿತ್ತು. 2020ರ ಜುಲೈ 20ರಂದು ಜಾರಿಗೆ ಬಂದ ಹೊಸ ಕಾಯ್ದೆ, ದೂರುದಾರನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರಿಗೆ ಅವಕಾಶ ಕೊಟ್ಟಿತು. ಕಂಪನಿ ದೆಹಲಿಯಲ್ಲಿರಲಿ, ಮುಂಬೈಯಲ್ಲಿರಲಿ, ನರಸೀಪುರದ ಗ್ರಾಹಕ ಮೈಸೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗದಲ್ಲಿ ಅದನ್ನು ಪ್ರಶ್ನಿಸಬಹುದು. ವಸ್ತುವಿನ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಅಂತರ್ಜಾಲದ ಮೂಲಕ ದೂರು ಕೊಡಲು 2025ರ ಜನವರಿಯಿಂದ ಇ-ಜಾಗೃತಿ ತಾಣವಿದೆ. ದೋಷ ಸಾಬೀತಾದರೆ ದುರಸ್ತಿ, ಬದಲಿ ವಸ್ತು, ಹಣ ವಾಪಸಾತಿ ಅಥವಾ ಪರಿಹಾರಕ್ಕೆ ಆಯೋಗ ಆದೇಶಿಸಬಹುದು.

ಇಷ್ಟಾದರೂ ಸಾವಿರ ರೂಪಾಯಿಗೆ ನೇರವಾಗಿ ಆಯೋಗದ ಮೆಟ್ಟಿಲು ಹತ್ತುವುದು ಜಾಣತನವಲ್ಲ. ಮೊದಲು ಮಾರಾಟಗಾರರಿಗೆ ಲಿಖಿತವಾಗಿ ತಿಳಿಸಿ, ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವುದು ಮೇಲು. ಕನ್ನಡದಲ್ಲೇ ಮಾತನಾಡಬಹುದು, ಕರೆ ಉಚಿತ. ಒಂದು ಎಚ್ಚರ: ವಾರಂಟಿ ಅವಧಿಯಲ್ಲಿ ಪೆಟ್ಟಿಗೆಯನ್ನು ನೀವೇ ಬಿಚ್ಚಿದರೆ, ಅದನ್ನೇ ನೆಪಮಾಡಿ ಕಂಪನಿ ಕೈತೊಳೆದುಕೊಳ್ಳಬಹುದು.

ದುರಸ್ತಿಯಾಗದೆ ಉಳಿದದ್ದನ್ನು ಪುರಸಭೆಯ ಕಸದ ಗಾಡಿಗೆ ಹಾಕಬಾರದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಹಳೆಯ ಉಪಕರಣಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ನೋಂದಾಯಿತ ಸಂಗ್ರಾಹಕರಿಗೆ ಕೊಡುವ ಮುನ್ನ ಕಾರ್ಡ್ ಹೊರಗಿದೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳಿ.