ಒಂದೇ ಕೈಯ ಕೀಲಿಮಣೆ

ಅಜೆಕಾರಿನ ಅಡಿಕೆ ತೋಟಗಳಲ್ಲಿ ಮಳೆಗಾಲದ ಟಿಪ್ಪಣಿ ಬರೆಯುವುದು ಸುಲಭವಲ್ಲ. ಒಂದು ಕೈಯಲ್ಲಿ ಕೊಡೆ. ಕಾಗದ ನೆನೆಯುತ್ತದೆ, ಹನಿ ಬಿದ್ದ ಮೊಬೈಲಿನ ಗಾಜು ಬೆರಳನ್ನು ಸರಿಯಾಗಿ ಗುರುತಿಸದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿದ ದಿನಾಂಕ ಮರೆತರೆ, 40–45 ದಿನಗಳ ನಂತರದ ಎರಡನೇ ಸಿಂಪರಣೆ ತಪ್ಪಿ ಎಳೆಗಾಯಿ ಉದುರೀತು.

ಇಂಥಲ್ಲಿ ಕೂಟ ಕೀಲಿಮಣೆ ನೆರವಾಗಬಲ್ಲದು. ಹಾರ್ಮೋನಿಯಂ ಮನೆಗಳನ್ನು ಒತ್ತುವಂತೆ ಹಲವು ಕೀಲಿಗಳನ್ನು ಒಟ್ಟಿಗೆ ಒತ್ತಿ ಬಿಟ್ಟರೆ ಒಂದು ಅಕ್ಷರ. ಕಣ್ಣಿಟ್ಟು ನೋಡಬೇಕಾಗಿಲ್ಲ. ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ 1968ರಲ್ಲಿ ಐದು ಕೀಲಿಗಳ ಇಂಥದೊಂದನ್ನು ಪ್ರದರ್ಶಿಸಿದರು. ಐದರಿಂದ 31 ಕೂಟಗಳು. ಇಂಗ್ಲಿಷಿನ 26ಕ್ಕೆ ಸಾಕು, ಕನ್ನಡದ 49ಕ್ಕೆ ಸಾಲದು. ಆರು ಕೀಲಿಗಳಾದರೆ 63.

ಕಾಗುಣಿತ, ಒತ್ತಕ್ಷರಗಳ ಗತಿಯೇನು? ಉತ್ತರ ಕರಾವಳಿಯವರೇ ಆದ ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆಯಲ್ಲಿದೆ. ವ್ಯಂಜನದ ನಂತರ ಒತ್ತಿದ ಸ್ವರವೇ ಗುಣಿತವಾಗುತ್ತದೆ. ‘ಕ್ಕ’ ಬೇಕಾದರೆ ಕ, ಕೊಂಡಿ, ಕ. ಇದೇ ಕ್ರಮ ಹಿಡಿದರೆ 49 ಅಕ್ಷರ, ಒಂದು ಕೊಂಡಿ, ಹತ್ತು ಅಂಕಿ, ತೆರಪು, ಅಳಿಸು, ಪೂರ್ಣವಿರಾಮ: ಲೆಕ್ಕ ಸರಿಯಾಗಿ 63!

ಅಂಗೈಗೆ ಪಟ್ಟಿಯಿಂದ ಕಟ್ಟುವ ‘ಟ್ವಿಡ್ಲರ್’ ಈ ಬಗೆಯದೇ. ಮೊಬೈಲು ಜೇಬಿನಲ್ಲಿರಲಿ, ಕೀಲಿಗಳಿಗೆ ಮಾತ್ರ ಪ್ಲಾಸ್ಟಿಕ್ ಹೊದಿಕೆ ಬೇಕು. ಕೂಟಗಳನ್ನು ಕಲಿಯಲು ತಾಳ್ಮೆ ಬೇಕು. ಮೊದಲು ಅಂಕಿಗಳನ್ನು ರೂಢಿಸಿಕೊಂಡರೆ ಸಿಂಪರಣೆಯ ದಿನಾಂಕವನ್ನಾದರೂ ತೋಟದಲ್ಲೇ ದಾಖಲಿಸಬಹುದು.