ಟಿ.ಬಿ. ಪತ್ತೆಗೆ ರಕ್ತವಲ್ಲ, ಕಫ ಕೊಡಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ. ಊರು ಯಾವುದೇ ಇರಲಿ, ಎರಡು ವಾರವಾದರೂ ಕೆಮ್ಮು ಬಿಡದೆ, ಸಂಜೆಯಾದರೆ ಜ್ವರ ಬಂದು, ತೂಕವೂ ಇಳಿಯುತ್ತಿದ್ದರೆ ಎಷ್ಟೋ ಮನೆಗಳಲ್ಲಿ ಮೊದಲು ಬರುವ ಮಾತು, "ಒಂದ್ ಬ್ಲಡ್ ಟೆಸ್ಟ್ ಮಾಡಿಸ್ಬಿಡಿ."

ಆದರೆ ಟಿ.ಬಿ.ಗೆಂದು ರಕ್ತದಲ್ಲಿ ಪ್ರತಿಕಾಯ ಹುಡುಕುವ ಕಿಟ್‌ಗಳಿಗೆ ದೇಶದಲ್ಲಿ 2012ರ ಜೂನ್‌ನಿಂದ ನಿಷೇಧವಿದೆ. ತಯಾರಿಸುವಂತಿಲ್ಲ, ಮಾರುವಂತಿಲ್ಲ, ಬಳಸುವಂತಿಲ್ಲ.

ಕಾರಣ ಇಷ್ಟೇ. ಪ್ರತಿಕಾಯ ಎಂದರೆ ರೋಗಾಣುವಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರೋಟೀನ್. ಎಂದೋ ಸೋಂಕು ತಗುಲಿ ಕಾಯಿಲೆಯೇ ಬಾರದವರಲ್ಲೂ ಅದು ಸಿಗಬಹುದು. ಎಚ್‌ಐವಿಯಿಂದ ಕುಗ್ಗಿದ ರೋಗಿಯಲ್ಲಿ ಸಿಗದೆಯೂ ಹೋಗಬಹುದು. ಹೀಗೆ ಟಿ.ಬಿ. ಇಲ್ಲದವರು ತಿಂಗಳುಗಟ್ಟಲೆ ಮಾತ್ರೆ ನುಂಗುತ್ತಾರೆ, ಇರುವವರು "ಏನೂ ಇಲ್ಲ" ಎಂಬ ಚೀಟಿ ಹಿಡಿದು ಮನೆಗೆ ಹೋಗಿ ಮಕ್ಕಳ ಪಕ್ಕದಲ್ಲೇ ಕೆಮ್ಮುತ್ತಾರೆ. ಇದು ಸಣ್ಣ ಅನ್ಯಾಯವಲ್ಲ. 2011ರ ಜುಲೈನಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಈ ಪರೀಕ್ಷೆ ಬೇಡವೇ ಬೇಡ ಎಂದಿತ್ತು.

ಶ್ವಾಸಕೋಶದ ಟಿ.ಬಿ.ಗೆ ಬೇಕಿರುವುದು ಕಫ. ಬೆಳಗ್ಗೆ ಎದ್ದೊಡನೆ ಬಾಯಿ ಮುಕ್ಕಳಿಸಿ, ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ಡಬ್ಬಿಗೆ ಉಗುಳಬೇಕು. ಬರೀ ಎಂಜಲು ನಡೆಯದು. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ರೂಪಿಸಿದ ಟ್ರೂನ್ಯಾಟ್ ಯಂತ್ರ ಬ್ಯಾಟರಿಯಲ್ಲೂ ಓಡುತ್ತದೆ. ಕಫದಲ್ಲಿರುವ ರೋಗಾಣುವಿನ ಡಿಎನ್ಎಯನ್ನೇ ಹಿಡಿಯುತ್ತದೆ. ರಿಫಾಂಪಿಸಿನ್ ಔಷಧಕ್ಕೆ ಆ ರೋಗಾಣು ಬಗ್ಗುತ್ತದೆಯೇ ಎಂಬುದೂ ಅದರಲ್ಲೇ ತಿಳಿಯುತ್ತದೆ.

ಇಗ್ರಾ ಎಂಬ ರಕ್ತ ಪರೀಕ್ಷೆ ಬೇರೆ. ಅದು ಸೋಂಕಿನ ಸುಳಿವು ಕೊಡುತ್ತದೆ, ಕಾಯಿಲೆ ಇದೆಯೆಂದು ಹೇಳಲಾರದು.

ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಯೂ ಔಷಧವೂ ಉಚಿತ. ಚಿಕಿತ್ಸೆಯ ಅವಧಿಗೆ ನಿಕ್ಷಯ್ ಪೋಷಣ್ ಯೋಜನೆಯಡಿ ತಿಂಗಳಿಗೆ 1,000 ರೂಪಾಯಿ ಲೆಕ್ಕದಲ್ಲಿ ಹಣ ರೋಗಿಯ ಬ್ಯಾಂಕ್ ಖಾತೆಗೆ ಬರುತ್ತದೆ. ಸಹಾಯವಾಣಿ: 1800 11 6666.