ದೋಷಸಂಖ್ಯೆ ಒಂದರಿಂದ ಶುರುವೋ, ಎರಡರಿಂದಲೋ?

ಕೌಂಟರಿನ ಆಚೆ ಕೂತವರು ‘ಸರ್ವರ್ ಡೌನ್, ನಾಳೆ ಬನ್ನಿ’ ಅಂದರೆ ಸರ್ವರ್ ಮಲಗಿಬಿಟ್ಟಿದೆ ಅಂತಲೇ ಅರ್ಥವಲ್ಲ. ಅದು ಎಚ್ಚರವಾಗಿಯೇ ಇದ್ದು, ತನಗೆ ಏನು ತೊಂದರೆ ಎಂದು ಸಂಖ್ಯೆಸಮೇತ ಹೇಳುತ್ತಿರಬಹುದು. ಪರದೆಯ ಮೇಲೆ ಬಂದ ಆ ಸಾಲನ್ನು ಪೂರ್ತಿ ಓದುವ ವ್ಯವಧಾನ ಮಾತ್ರ ಯಾರಿಗೂ ಇರುವುದಿಲ್ಲ. ಕಾಲೇಜು ಪ್ರಯೋಗಾಲಯಗಳಲ್ಲೂ ಇದೇ ಕತೆ. ಕೆಂಪು ಅಕ್ಷರ ಕಂಡ ಕೂಡಲೇ ತಂತ್ರಾಂಶವನ್ನೇ ಕಿತ್ತುಹಾಕಿ ಮತ್ತೆ ಇನ್‌ಸ್ಟಾಲ್ ಮಾಡುವ ವಿದ್ಯಾರ್ಥಿಗಳು ಪ್ರತಿ ತರಗತಿಯಲ್ಲೂ ಸಿಗುತ್ತಾರೆ.

ಇಲ್ಲಿ ಹೇಳುತ್ತಿರುವುದು ಡೇಟಾಬೇಸ್ ಸರ್ವರಿನ ಮಾತು. ದತ್ತಾಂಶವನ್ನು ಸಾಲು ಮತ್ತು ಕಾಲಂಗಳ ಕೋಷ್ಟಕಗಳಲ್ಲಿ ಇಟ್ಟು, ಅವುಗಳ ನಡುವಿನ ಸಂಬಂಧವನ್ನು ಗಣಿತದ ನಿಯಮಗಳಿಂದ ನಿಭಾಯಿಸಬಹುದು ಎಂದು ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ತೋರಿಸಿದರು. ಆ ವಿಚಾರದ ಮೇಲೆ ಕಟ್ಟಿದ ಸರ್ವರ್‌ಗಳು ಹಲವು. ನಮ್ಮಲ್ಲಿ ಹೆಚ್ಚು ಜನ ಮೊದಲು ಕೈಯಾಡಿಸುವುದು 1995ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಮೈಎಸ್‌ಕ್ಯೂಎಲ್‌ನಲ್ಲಿ, ಇಲ್ಲವೇ ಅದರಿಂದ ಕವಲೊಡೆದ ಮರಿಯಾಡಿಬಿಯಲ್ಲಿ. ಹಾಗಾಗಿ ಇಲ್ಲಿ ಮೈಎಸ್‌ಕ್ಯೂಎಲ್‌ನದೇ ಮಾತು.

ಮೊದಲು ತಿಳಿಯಬೇಕಾದದ್ದು, ಇಲ್ಲಿ ಕೆಲಸ ಮಾಡುವ ಪ್ರೋಗ್ರಾಂ ಒಂದಲ್ಲ, ಎರಡು. ನಾವು ಆಜ್ಞೆ ಟೈಪಿಸುವ ಕಪ್ಪು ಕಿಟಕಿ ಡೇಟಾಬೇಸ್ ಅಲ್ಲ, ಅದು ಕ್ಲೈಂಟ್. ಸರ್ವರ್ ತನ್ನದೇ ಪರದೆಯಿಲ್ಲದೆ ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ. ಎರಡೂ ಒಂದೇ ಲ್ಯಾಪ್‌ಟಾಪಿನಲ್ಲಿರಲಿ, ಒಂದು ಬೆಂಗಳೂರಿನಲ್ಲೂ ಇನ್ನೊಂದು ಸಿಂಗಪುರದಲ್ಲೂ ಇರಲಿ, ಅವು ಮಾತಾಡಿಕೊಳ್ಳುವ ರೀತಿ ಒಂದೇ. ಏನೋ ತಪ್ಪಾಯಿತು ಎಂದು ನಮಗೆ ಹೇಳುತ್ತಿರುವುದು ಈ ಇಬ್ಬರಲ್ಲಿ ಯಾರು? ಅದು ದೋಷಸಂಖ್ಯೆಯ ಮೊದಲ ಅಂಕಿಯಲ್ಲೇ ಇದೆ. ಎರಡು ಸಾವಿರದ ಸರಣಿಯ ಸಂಖ್ಯೆ ಬಂದರೆ ಮಾತಾಡುತ್ತಿರುವುದು ಕ್ಲೈಂಟ್: ಸರ್ವರನ್ನು ಮುಟ್ಟಲು ಆಗಲಿಲ್ಲ, ಅಥವಾ ಮುಟ್ಟಿದ ಮೇಲೆ ಸಂಪರ್ಕ ಕಡಿಯಿತು. ಒಂದು ಸಾವಿರದ ಸರಣಿಯದಾದರೆ ಸ್ವತಃ ಸರ್ವರೇ ಉತ್ತರ ಕೊಟ್ಟಿದೆ. ಅಂದರೆ ಅದು ಬದುಕಿದೆ, ದಾರಿಯೂ ಸರಿಯಿದೆ, ತಕರಾರು ಬೇರೆ.

2002 ಮತ್ತು 2003 ಎರಡೂ ‘ಸಂಪರ್ಕಿಸಲಾಗಲಿಲ್ಲ’ ಎನ್ನುವ ದೋಷಗಳೇ. ವ್ಯತ್ಯಾಸ ದಾರಿಯಲ್ಲಿದೆ. ಲಿನಕ್ಸ್‌ನಲ್ಲಿ ‘ಲೋಕಲ್‌ಹೋಸ್ಟ್’ ಎಂದು ಕೊಟ್ಟರೆ ಮೈಎಸ್‌ಕ್ಯೂಎಲ್ ಕ್ಲೈಂಟ್ ನೆಟ್‌ವರ್ಕಿನತ್ತ ತಿರುಗಿಯೂ ನೋಡುವುದಿಲ್ಲ; ಡಿಸ್ಕಿನಲ್ಲಿರುವ ಸಾಕೆಟ್ ಎಂಬ ವಿಶೇಷ ಫೈಲಿನ ಮೂಲಕ ಮಾತಾಡುತ್ತದೆ. ಆ ದಾರಿ ಕೆಟ್ಟರೆ 2002. ‘127.0.0.1’ ಎಂದು ಕೊಟ್ಟರೆ ಅದೇ ಯಂತ್ರವನ್ನು 3306ನೇ ಪೋರ್ಟಿನ ಮೂಲಕ, ನೆಟ್‌ವರ್ಕಿನ ರೀತಿಯಲ್ಲೇ ತಲುಪುತ್ತದೆ. ಆ ದಾರಿ ಕೆಟ್ಟರೆ 2003. ‘127.0.0.1’ಕ್ಕೆ ಕೆಲಸ ಮಾಡಿ ‘ಲೋಕಲ್‌ಹೋಸ್ಟ್’ಗೆ ಮಾಡದಿದ್ದರೆ ಅರ್ಧ ಪತ್ತೇದಾರಿ ಮುಗಿದಂತೆ: ಸರ್ವರ್ ಓಡುತ್ತಿದೆ, ಕ್ಲೈಂಟ್ ಬಹುಶಃ ಸಾಕೆಟ್ ಫೈಲನ್ನು ತಪ್ಪು ಜಾಗದಲ್ಲಿ ಹುಡುಕುತ್ತಿದೆ.

ಸಾಲಿನ ಕೊನೆಯಲ್ಲಿ ಆವರಣದೊಳಗೆ ಇನ್ನೊಂದು ಪುಟ್ಟ ಸಂಖ್ಯೆ ಇರುತ್ತದೆ. ಹೆಚ್ಚಿನವರು ಅದನ್ನು ಬಿಟ್ಟೇ ಓದುತ್ತಾರೆ. ಅದು ಡೇಟಾಬೇಸಿನ ಮಾತಲ್ಲ, ಕೆಳಗಿನ ಆಪರೇಟಿಂಗ್ ಸಿಸ್ಟಂ ಕೊಟ್ಟ ಕಾರಣ. ಲಿನಕ್ಸ್‌ನಲ್ಲಿ 2 ಎಂದರೆ ಆ ಫೈಲೇ ಇಲ್ಲ. 13 ಎಂದರೆ ಇದೆ, ಮುಟ್ಟಲು ಅನುಮತಿಯಿಲ್ಲ. 111 ಬಂದರೆ ಆ ಕಡೆಯಿಂದ ತಕ್ಷಣ ನಿರಾಕರಣೆ ಬಂದಿದೆ: ಯಂತ್ರ ಇದೆ, ಆ ಪೋರ್ಟಿನಲ್ಲಿ ಕೇಳುವವರಿಲ್ಲ. 110 ಬಂದರೆ ಕಾದು ಕಾದು ಸಮಯ ಮೀರಿದೆ. ನಡುವೆ ಫೈರ್‌ವಾಲ್ ಏನೂ ಹೇಳದೆ ನುಂಗುತ್ತಿರುವ ಸಾಧ್ಯತೆಯೇ ಹೆಚ್ಚು. ವಿಂಡೋಸ್‌ನಲ್ಲಿ ಈ ಎರಡಕ್ಕೆ 10061 ಮತ್ತು 10060. ಉಬುಂಟುವಿನಲ್ಲಿ ಹೊಸದಾಗಿ ಹಾಕಿದ ಸರ್ವರಿಗೆ ಪಕ್ಕದ ಯಂತ್ರದಿಂದ ಹೋದರೆ 111 ಬರುವುದು ಸಹಜ. ಸುರಕ್ಷತೆಗಾಗಿ ಅದು ತನ್ನದೇ ಯಂತ್ರದಿಂದ ಬಂದ ಕರೆಗೆ ಮಾತ್ರ ಓಗೊಡುವಂತೆ ಸೆಟ್ಟಿಂಗ್ ಇರುತ್ತದೆ. ‘ಬೈಂಡ್-ಅಡ್ರೆಸ್’ ಎಂಬ ಆ ಒಂದು ಸಾಲು ಬದಲಾಗದೆ ಫೈರ್‌ವಾಲ್ ಜೊತೆ ಎಷ್ಟು ಗುದ್ದಾಡಿದರೂ ವ್ಯರ್ಥ.

1045, ಅಂದರೆ ‘ಆಕ್ಸೆಸ್ ಡಿನೈಡ್’, ಬಹಳ ಜನರನ್ನು ಅಳಿಸುವ ದೋಷ. ನನ್ನ ಮಟ್ಟಿಗೆ ಅದು ಶುಭಸುದ್ದಿ. ಬಾಗಿಲವರೆಗೂ ಹೋಗಿ ಮುಟ್ಟಿದ್ದೇವೆ. ಅದರ ಕೊನೆಯಲ್ಲಿ ‘ಯೂಸಿಂಗ್ ಪಾಸ್‌ವರ್ಡ್’ ಎಂದು ಬರೆದು ಮುಂದೆ ‘ಎಸ್’ ಅಥವಾ ‘ನೋ’ ಎಂದಿರುತ್ತದೆ. ‘ನೋ’ ಎಂದಿದ್ದರೆ ಪಾಸ್‌ವರ್ಡ್ ತಪ್ಪಾಗಿಲ್ಲ, ಕಳಿಸಿಯೇ ಇಲ್ಲ. ಪಾಸ್‌ವರ್ಡ್ ಇರುವ ಕಾನ್ಫಿಗರೇಷನ್ ಫೈಲನ್ನು ಪ್ರೋಗ್ರಾಂ ಓದದೆಯೂ ಇರಬಹುದು. ‘ಎಸ್’ ಎಂದಿದ್ದರೂ ಪಾಸ್‌ವರ್ಡ್ ಮೇಲೆಯೇ ಅನುಮಾನ ಪಡಬೇಕಿಲ್ಲ. ಮೈಎಸ್‌ಕ್ಯೂಎಲ್‌ಗೆ ಬಳಕೆದಾರ ಎಂದರೆ ಹೆಸರು ಮತ್ತು ಬಂದ ಜಾಗ ಎರಡೂ ಸೇರಿದ ಜೋಡಿ. ಲೋಕಲ್‌ಹೋಸ್ಟ್‌ನಿಂದ ಬರುವ ರವಿ ಬೇರೆ, ಪಕ್ಕದ ಕೋಣೆಯ ಯಂತ್ರದಿಂದ ಬರುವ ರವಿ ಬೇರೆ. ಇಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಇರಬಹುದು, ಒಬ್ಬನ ಖಾತೆಯೇ ಇಲ್ಲದಿರಬಹುದು. ಉಬುಂಟುವಿನಲ್ಲಿ ರೂಟ್ ಖಾತೆಯಂತೂ ಪಾಸ್‌ವರ್ಡ್ ಕೇಳುವುದೇ ಇಲ್ಲ, ಕಂಪ್ಯೂಟರಿನ ಒಡೆಯ ನೀನೇ ಹೌದೇ ಎಂದಷ್ಟೇ ನೋಡುತ್ತದೆ. ‘ಸುಡೋ’ ಸೇರಿಸಿದರೆ ಒಳಗೆ ಬಿಡುತ್ತದೆ, ಇಲ್ಲದಿದ್ದರೆ 1698 ಎನ್ನುತ್ತದೆ.

ಬೆಳಿಗ್ಗೆ ಕಚೇರಿ ತೆರೆದಾಗ ಮೊದಲ ಕ್ಲಿಕ್ಕಿಗೆ ದೋಷ, ಎರಡನೆಯದಕ್ಕೆ ಎಲ್ಲ ಸರಿ. ಇದು 2006, ‘ಸರ್ವರ್ ಹ್ಯಾಸ್ ಗಾನ್ ಅವೇ’. ಸುಮ್ಮನಿದ್ದ ಸಂಪರ್ಕವನ್ನು ಸರ್ವರ್ 28,800 ಸೆಕೆಂಡು, ಅಂದರೆ 8 ಗಂಟೆ ಕಾದು ಕತ್ತರಿಸುತ್ತದೆ. ಸಂಜೆ ಬಿಟ್ಟುಹೋದ ಪ್ರೋಗ್ರಾಂಗೆ ಅದು ಬೆಳಿಗ್ಗೆಯವರೆಗೆ ಗೊತ್ತಾಗುವುದಿಲ್ಲ. 1040, ‘ಟೂ ಮೆನಿ ಕನೆಕ್ಷನ್ಸ್’ ಬಂದಾಗ ಎಲ್ಲರೂ ಮಿತಿಯನ್ನು ಏರಿಸಿಬಿಡುತ್ತಾರೆ. ಮೂಲ ಮಿತಿ 151, ಜೊತೆಗೆ ನಿರ್ವಾಹಕರಿಗೆಂದು ಕಾಯ್ದಿಟ್ಟ ಇನ್ನೊಂದು. ಆ ಒಂದರಿಂದ ಒಳಹೋಗಿ ‘ಶೋ ಪ್ರೊಸೆಸ್‌ಲಿಸ್ಟ್’ ಕೊಟ್ಟು ನೋಡಿ. ಹೆಚ್ಚಿನ ಸಾಲುಗಳ ಮುಂದೆ ‘ಸ್ಲೀಪ್’ ಎಂದಿದ್ದರೆ ತಪ್ಪು ಸರ್ವರಿನದಲ್ಲ. ತೆರೆದ ಸಂಪರ್ಕವನ್ನು ಮುಚ್ಚದ ಪ್ರೋಗ್ರಾಂ ಬರೆದವರದ್ದು.

ಇನ್ನು ಕನ್ನಡಿಗರಿಗೇ ವಿಶೇಷವಾಗಿ ಕಾಡುವ ಭಾಗ. 5.7ನೇ ಆವೃತ್ತಿಯವರೆಗೂ ಮೈಎಸ್‌ಕ್ಯೂಎಲ್‌ನ ಮೂಲ ಲಿಪಿ ವ್ಯವಸ್ಥೆ ಪಶ್ಚಿಮ ಯೂರೋಪಿನ ಭಾಷೆಗಳ ‘ಲ್ಯಾಟಿನ್-1’, ಅಕಾರಾದಿ ಕ್ರಮ ಸ್ವೀಡಿಷ್ ಭಾಷೆಯದು. ಕಟ್ಟಿದವರ ಊರಿನ ಪದ್ಧತಿ. ಗಮನಿಸದೆ ಸೃಷ್ಟಿಸಿದ ಕೋಷ್ಟಕಕ್ಕೆ, ಅದು ಮೈಸೂರಿನ ಪುಸ್ತಕದಂಗಡಿಯದಾದರೂ, ಸ್ವೀಡಿಷ್ ನಿಯಮವೇ ಅಂಟಿಕೊಳ್ಳುತ್ತಿತ್ತು. ನುಡಿ, ಬರಹದ ಹಳೆಯ ಫಾಂಟುಗಳ ಕಾಲದಲ್ಲಿ ಇದು ಯಾರಿಗೂ ತಿಳಿಯಲಿಲ್ಲ. ಆ ಫಾಂಟುಗಳು ರೋಮನ್ ಅಕ್ಷರಗಳ ಬೈಟುಗಳಿಗೇ ಕನ್ನಡದ ವೇಷ ಹಾಕುತ್ತಿದ್ದವು. ಯೂನಿಕೋಡ್ ಬಂದಾಗಲೇ ಗುಟ್ಟು ರಟ್ಟಾಯಿತು.

ಕೆಟ್ಟ ಕನ್ನಡ ಮೂರು ರೂಪದಲ್ಲಿ ಕಾಣುತ್ತದೆ. ಚೌಕದ ಡಬ್ಬಿಗಳು ಕಂಡರೆ ಡೇಟಾಬೇಸಿನ ತಪ್ಪಿಲ್ಲ, ಫಾಂಟ್ ಇಲ್ಲ ಅಷ್ಟೇ. ಎರಡನೆಯದು, ನೀವು ಖಂಡಿತ ನೋಡಿರುವ ಒಂದು ಕಲಸುಮೇಲೋಗರ: ತಲೆಯ ಮೇಲೆ ಓರೆ ಗೀಟು ಹೊತ್ತ ರೋಮನ್ ‘ಎ’, ಪಕ್ಕದಲ್ಲಿ ಮೇಲೇರಿಸಿದ ಪುಟ್ಟ 2 ಅಥವಾ 3, ಮತ್ತೇನೋ ಒಂದು ಚಿಹ್ನೆ, ಮತ್ತೆ ಅದೇ ‘ಎ’. ಇದಕ್ಕೊಂದು ಚೆಂದದ ಕಾರಣವಿದೆ. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟು. ಮೊದಲನೆಯದು ಯಾವಾಗಲೂ ಷೋಡಶಮಾನದ ‘ಇ0’, ಎರಡನೆಯದು ‘ಬಿ2’ ಅಥವಾ ‘ಬಿ3’. ಲ್ಯಾಟಿನ್-1ರ ಕಣ್ಣಿಗೆ ‘ಇ0’ ಎಂದರೆ ಆ ಗೀಟಿನ ‘ಎ’, ‘ಬಿ2’ ಎಂದರೆ ಪುಟ್ಟ 2, ‘ಬಿ3’ ಎಂದರೆ ಪುಟ್ಟ 3. ಸ್ವರ, ವ್ಯಂಜನಗಳು 2ರ ಗುಂಪಿನಲ್ಲಿವೆ. ವಿರಾಮಚಿಹ್ನೆ ‘್’, ‘ು’ ಮುಂತಾದ ಹೆಚ್ಚಿನ ಗುಣಿತಚಿಹ್ನೆಗಳು 3ರ ಗುಂಪಿನಲ್ಲಿ. ‘ಕ’ ಎಂದರೆ ‘ಇ0 ಬಿ2 95’. ಕಲಸುಮೇಲೋಗರ ಕಂಡರೆ ಗಾಬರಿ ಬೇಡ, ಬೈಟುಗಳು ಬದುಕಿವೆ, ಓದುವವರು ತಪ್ಪು ಕನ್ನಡಕ ಹಾಕಿದ್ದಾರೆ.

ಮೂರನೆಯದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಇಲ್ಲಿ ಗಾಬರಿಯಾಗಬೇಕು. ಲ್ಯಾಟಿನ್-1ರಲ್ಲಿ ಕನ್ನಡಕ್ಕೆ ಜಾಗವಿಲ್ಲದ್ದರಿಂದ, ಪರಿವರ್ತಿಸಲು ಹೋದ ಸರ್ವರ್ ಒಂದೊಂದು ಸಂಕೇತಕ್ಕೂ ಒಂದೊಂದು ‘?’ ಇಟ್ಟಿರುತ್ತದೆ. ಇದು ಉಳಿಸುವಾಗ ಆಯಿತೋ, ತೋರಿಸುವಾಗ ಆಯಿತೋ ತಿಳಿಯಲು ‘ಹೆಕ್ಸ್’ ಎಂಬ ಫಂಕ್ಷನ್ ಇದೆ. ಒಳಗಿನ ಬೈಟುಗಳನ್ನು ಬೆತ್ತಲೆಯಾಗಿ ತೋರಿಸುತ್ತದೆ. ಅಲ್ಲಿ ‘ಇ0ಬಿ2’ ಕಂಡರೆ ದತ್ತಾಂಶ ಕ್ಷೇಮ, ಕ್ಲೈಂಟಿನ ಲಿಪಿ ಸೆಟ್ಟಿಂಗ್ ತಿದ್ದಿದರೆ ಸಾಕು. ‘3ಎಫ್ 3ಎಫ್ 3ಎಫ್’ ಎಂದು ಕಂಡರೆ ಅದು ‘?’ನದೇ ಸಂಕೇತ. ಅಲ್ಲಿದ್ದ ಕನ್ನಡ ಹೋಯಿತು, ಹಳೆಯ ಬ್ಯಾಕಪ್ ಹುಡುಕಬೇಕು.

ಕಲಸುಮೇಲೋಗರ ಸರಿಪಡಿಸುವಾಗ ಒಂದು ಎಚ್ಚರಿಕೆ. ಲ್ಯಾಟಿನ್-1 ಕಾಲಂ ಅನ್ನು ನೇರವಾಗಿ ಯುಟಿಎಫ್-8ಕ್ಕೆ ಬದಲಿಸಿದರೆ ಸರ್ವರ್ ಆ ಗೀಟಿನ ‘ಎ’ಯನ್ನೇ ನಿಜವೆಂದು ನಂಬಿ ಭಾಷಾಂತರಿಸುತ್ತದೆ, ಗಂಟು ಇನ್ನೊಂದು ಸುತ್ತು ಬಿಗಿಯಾಗುತ್ತದೆ. ಮೊದಲು ಕಾಲಂ ಅನ್ನು ಬೈನರಿ ಮಾಡಿ, ಅದಾದ ಮೇಲೆ ಯುಟಿಎಫ್-8 ಎನ್ನಬೇಕು. ಈ ಕೆಲಸ ಮೈಎಸ್‌ಕ್ಯೂಎಲ್ ಒಳಗೇ ಆಗಲಿ. ಅದರ ‘ಲ್ಯಾಟಿನ್-1’ ನಿಜಕ್ಕೂ ವಿಂಡೋಸ್‌ನ 1252 ಲಿಪಿಪಟ್ಟಿ; ಆ ಪಟ್ಟಿಯಲ್ಲಿ ಐದು ಸ್ಥಾನಗಳು ಖಾಲಿ, ‘್’ ಮತ್ತು ‘ು’ಗಳ ಮೂರನೆಯ ಬೈಟು ಬಂದು ಬೀಳುವುದು ಅಂಥ ಸ್ಥಾನಗಳಲ್ಲೇ. ಮೈಎಸ್‌ಕ್ಯೂಎಲ್ ಆ ಖಾಲಿ ಸ್ಥಾನಗಳನ್ನೂ ಜತನವಾಗಿ ಕಾಯುತ್ತದೆ. ಹೊರಗಿನ ಎಲ್ಲ ಉಪಕರಣಗಳೂ ಕಾಯುತ್ತವೆ ಎನ್ನಲಾಗದು. ಒತ್ತಕ್ಷರಗಳೆಲ್ಲ ಬಿಚ್ಚಿಹೋದ ಕನ್ನಡ ಕೈಗೆ ಬರಬಹುದು.

1406, ‘ಡೇಟಾ ಟೂ ಲಾಂಗ್’ ಕೂಡ ಕನ್ನಡದ ಹೆಸರುಗಳಿಗೆ ಬೇಗ ಬರುವ ದೋಷ. ‘ಶ್ರೀಕೃಷ್ಣಮೂರ್ತಿ’ ಎಂಬ ಹೆಸರಿನಲ್ಲಿ ನಮ್ಮ ಕಣ್ಣಿಗೆ ಐದೇ ಅಕ್ಷರ. ವಿರಾಮ, ಒತ್ತು, ಗುಣಿತವನ್ನೆಲ್ಲ ಬೇರೆ ಬೇರೆ ಎಣಿಸುವ ಸರ್ವರಿಗೆ 15, ಬೈಟುಗಳ ಲೆಕ್ಕದಲ್ಲಿ 45. ಹತ್ತು ಅಕ್ಷರ ಸಾಕು ಎಂದು ಕಾಲಂ ಮಾಡಿದವರು ಶ್ರೀಕೃಷ್ಣಮೂರ್ತಿಯವರನ್ನು ಹೊರಗೇ ನಿಲ್ಲಿಸುತ್ತಾರೆ.

ಮೈಎಸ್‌ಕ್ಯೂಎಲ್ ‘ಯುಟಿಎಫ್8’ ಎಂದು ಕರೆದದ್ದು ಪೂರ್ಣ ಯುಟಿಎಫ್-8 ಆಗಿರಲಿಲ್ಲ, ಸಂಕೇತಕ್ಕೆ ಮೂರೇ ಬೈಟಿನ ಮಿತಿಯದು. ಕನ್ನಡ ಅದರಲ್ಲಿ ಹಿಡಿಸಿತು, ನಾಲ್ಕು ಬೈಟಿನ ಇಮೋಜಿ ಹಿಡಿಸಲಿಲ್ಲ. 1366 ಎಂಬ ದೋಷ ಕೊಟ್ಟು ನಿಂತರೆ ಪುಣ್ಯ. ಸಡಿಲ ಸೆಟ್ಟಿಂಗಿನ ಸರ್ವರ್‌ಗಳಲ್ಲಿ ನಗುಮುಖ ಬಂದಲ್ಲೇ ವಾಕ್ಯ ತುಂಡಾಗಿ, ಮುಂದಿನದೆಲ್ಲ ಸದ್ದಿಲ್ಲದೆ ಮಾಯವಾಗುತ್ತಿತ್ತು. ಸರಿಯಾದ ‘ಯುಟಿಎಫ್8ಎಂಬಿ4’ 2010ರಲ್ಲಿ ಬಂತು; 2018ರ 8.0 ಆವೃತ್ತಿಯಲ್ಲಿ ಅದೇ ಮೂಲ ವ್ಯವಸ್ಥೆಯಾಯಿತು. ಹಳೆಯ ಸರ್ವರಿನಲ್ಲಿ ಹೀಗೆ ಬದಲಿಸುವಾಗ 1071 ಎದುರಾಗುತ್ತದೆ. ಅಲ್ಲಿ ಸೂಚಿಯ (ಇಂಡೆಕ್ಸ್) ಕಾಲಮಿಗೆ 767 ಬೈಟಿನ ಮಿತಿ. 255 ಅಕ್ಷರ ಗುಣಿಸು 3 ಎಂದರೆ 765, ಹಿಡಿಸುತ್ತದೆ. ಗುಣಿಸು 4 ಎಂದರೆ 1020, ಹಿಡಿಸದು. ಹಳೆಯ ಪ್ರೋಗ್ರಾಂಗಳಲ್ಲಿ ಕಾಣುವ 191 ಎಂಬ ವಿಚಿತ್ರ ಸಂಖ್ಯೆ ಬಂದದ್ದು ಇಲ್ಲಿಂದ: ನಾಲ್ಕರಿಂದ ಗುಣಿಸಿದರೆ 764.

ಸರ್ವರ್ ಏಳುವುದೇ ಇಲ್ಲ ಎನ್ನುವ ಸ್ಥಿತಿ ಬಂದರೆ ಪರದೆಯ ಮಾತು ನಂಬಬೇಡಿ, ಎರರ್ ಲಾಗ್ ತೆರೆದು ಕೊನೆಯ ಇಪ್ಪತ್ತು ಸಾಲು ಓದಿ. 3306ನೇ ಪೋರ್ಟನ್ನು ಇನ್ನೊಂದು ಸರ್ವರ್ ಹಿಡಿದಿರಬಹುದು, ಡಿಸ್ಕ್ ತುಂಬಿರಬಹುದು. ಕರೆಂಟ್ ಹೋಗಿ ನಿಂತದ್ದಾದರೆ ಸುಮ್ಮನೆ ಬಿಡಿ. ಕಿರಾಣಿ ಅಂಗಡಿಯವರು ದಿನವಹಿಯಲ್ಲಿ ಮೊದಲು ಗೀಚಿಕೊಂಡು ಬಿಡುವಾದಾಗ ಖಾತೆಪುಸ್ತಕಕ್ಕೆ ಏರಿಸುವ ಹಾಗೆ, ಇನ್ನೋಡಿಬಿ ಎಂಬ ಅದರ ಎಂಜಿನ್ ಪ್ರತಿ ಬದಲಾವಣೆಯನ್ನೂ ಮೊದಲು ತನ್ನದೇ ಬೇರೊಂದು ಲಾಗಿನಲ್ಲಿ ಬರೆದು ಆಮೇಲೆ ಕೋಷ್ಟಕಕ್ಕೆ ಸೇರಿಸುತ್ತದೆ. ಮತ್ತೆ ಎದ್ದಾಗ ಅದನ್ನೋದಿ ಉಳಿದ ಲೆಕ್ಕ ತಾನೇ ಚುಕ್ತಾ ಮಾಡಿಕೊಳ್ಳುತ್ತದೆ.

ಈ ಹಂತದಲ್ಲಿ ‘ಐಬಿಡೇಟಾ1’ ಎಂಬ ಫೈಲನ್ನು ಅಳಿಸಿ ನೋಡು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಕಾದ ಸರ್ವರ್‌ಗಳನ್ನೆಲ್ಲ ಒಂದೇ ಕಟ್ಟಿನಲ್ಲಿ ಕೊಡುವ ಕ್ಸಾಂಪ್ ಬಳಸುವ ವಿದ್ಯಾರ್ಥಿಗಳಿಗೆ ಈ ಸಲಹೆ ಚಿರಪರಿಚಿತ. ಈಗ ಕ್ಸಾಂಪ್‌ನೊಳಗಿರುವುದು ಮರಿಯಾಡಿಬಿ. ಅಳಿಸಿದರೆ ಸರ್ವರ್ ಏಳಬಹುದು, ನಿಜ. ಕೋಷ್ಟಕದ ಹೆಸರುಗಳೂ ಪಟ್ಟಿಯಲ್ಲಿ ಕಾಣುತ್ತವೆ. ತೆರೆಯಲು ಹೋದರೆ 1932: ಎಂಜಿನ್ನಿನಲ್ಲಿ ಈ ಕೋಷ್ಟಕವೇ ಇಲ್ಲ. ಯಾವ ಕೋಷ್ಟಕ ಎಲ್ಲಿದೆ ಎಂಬ ಎಂಜಿನ್ನಿನ ದಾಖಲೆ ಇದ್ದದ್ದು ಆ ಫೈಲಿನಲ್ಲೇ. ಬಲವಂತದ ಚೇತರಿಕೆಗೆ 1ರಿಂದ 6ರವರೆಗೆ ಹಂತಗಳ ಒಂದು ಸೆಟ್ಟಿಂಗ್ ಇದೆ, 1ರಿಂದ ಶುರುಮಾಡಿ ಏರಬೇಕು. 4 ಅಥವಾ ಅದಕ್ಕಿಂತ ಮೇಲಿನ ಹಂತಕ್ಕೆ ಹೋದರೆ ದತ್ತಾಂಶಕ್ಕೆ ಶಾಶ್ವತ ಹಾನಿಯಾಗಬಹುದು ಎಂದು ಕೈಪಿಡಿಯೇ ಎಚ್ಚರಿಸುತ್ತದೆ. ಅದೇನೇ ಮಾಡುವುದಿದ್ದರೂ ಮೊದಲು ಸರ್ವರ್ ನಿಲ್ಲಿಸಿ ಡೇಟಾ ಫೋಲ್ಡರನ್ನು ಇಡಿಯಾಗಿ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಪ್ರಯೋಗಗಳೆಲ್ಲ ಆ ನಕಲಿನ ಮೇಲೆ ನಡೆಯಲಿ.